ಅಳಿವೆಯ ಕೆಸರಿನಲ್ಲಿ ನಮ್ಮ ಬೆಟ್ಟದ ಲೆಕ್ಕ

ಮೇ ಕೊನೆಯ ವಾರ. ಶಿರಾಡಿ ಘಾಟಿಯಲ್ಲಿ ಮರ ಬಿದ್ದು ಗಾಡಿಗಳು ಸಾಲಾಗಿ ನಿಂತಿದ್ದವು. ತಂಗಿಯ ಮಗಳು ಮಂಗಳೂರಿನಿಂದ ಬೆಂಗಳೂರಿಗೆ ಜೀಪಿನಲ್ಲಿ ಹೊರಟಿದ್ದಳು. ಘಾಟಿ ಹತ್ತಿ ಮೇಲೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಮಾರನಹಳ್ಳಿ ಕಡೆ ಇರುವ ನಮ್ಮ ತೋಟದ ಮನೆಯಲ್ಲೇ ಉಳಿಯುತ್ತೇನೆ ಅಂತ ಬಂದಳು. ಕೈಕಾಲು ತೊಳೆಯುವ ಮೊದಲೇ ಫ್ರಿಜ್‌ನಲ್ಲಿ ಜಾಗ ಇದೆಯಾ ಅಂತ ಕೇಳಿದಳು.

ಜೀಪಿನಲ್ಲಿದ್ದದ್ದು ನೇತ್ರಾವತಿ ಅಳಿವೆಯ ಕೆಸರು. ಕರಾವಳಿಯ ಜೌಗು ನೆಲ ಸಾವಿರಾರು ವರ್ಷಗಳ ಹಿಂದೆ ಹೇಗಿತ್ತು ಅನ್ನೋದು ಅವಳ ಸಂಶೋಧನೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನಿಂತು, ಅರ್ಧ ಸೀಳಿದ ಕೊಳವೆಯಂಥ ಒಂದು ಸಾಧನವನ್ನು ನೆಲಕ್ಕೆ ಒತ್ತುತ್ತಾರೆ. ಬೇಕಾದ ಆಳಕ್ಕೆ ಹೋದ ಮೇಲೆ ತಿರುಗಿಸಿದರೆ ಅರ್ಧ ಮೀಟರ್ ಉದ್ದದ ಕೆಸರಿನ ದಿಂಡು ಕತ್ತರಿಸಿ ಒಳಗೆ ಕೂರುತ್ತದೆ. ಇದಕ್ಕೆ ಕೋರ್ ಅನ್ನುತ್ತಾರೆ. ಒಂದರ ಕೆಳಗೆ ಒಂದು ತೆಗೆಯುತ್ತಾ ಹೋದರೆ ನೆಲದ ಆಳದವರೆಗಿನ ಪದರಗಳು ಕೆಡದೆ ಸಿಗುತ್ತವೆ. ಆಮೇಲೆ ಅವನ್ನು ತಣ್ಣಗೆ ಇಡಬೇಕು. ಇಲ್ಲದಿದ್ದರೆ ಬೂಷ್ಟು ಬರುತ್ತದೆ, ಲೆಕ್ಕ ಹಾಳಾಗುತ್ತದೆ.

ಫ್ರಿಜ್ಜಿನ ತರಕಾರಿ, ಹಾಲು ಎಲ್ಲ ಹೊರಗೆ ಬಂತು. ಪ್ಲಾಸ್ಟಿಕ್ ಸುತ್ತಿದ ದಿಂಡುಗಳು ಒಳಗೆ ಹೋದವು. ಮಳೆ ಬಂದರೆ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆಯಲ್ಲ. ಆ ರಾತ್ರಿ ಮಾತ್ರ ಜಾಸ್ತಿ ಹೊತ್ತು ಹೋಗಲಿಲ್ಲ.

ಬೆಳಿಗ್ಗೆ ಜಗಲಿಯಲ್ಲಿ ಒಂದು ದಿಂಡು ಬಿಚ್ಚಿದಳು. ಗಾಳಿ ತಗುಲಿದರೆ ಕೆಸರಿನ ಬಣ್ಣ ಬದಲಾಗುತ್ತದಂತೆ, ಅದಕ್ಕೇ ಬೇಗ ಬರೆದುಕೊಳ್ಳಬೇಕು. ಚಾಕುವಿನಿಂದ ಮೇಲ್ಮೈಯನ್ನು ಅಡ್ಡಡ್ಡ ಕೆರೆದಳು. ಉದ್ದಕ್ಕೆ ಕೆರೆದರೆ ಒಂದು ಪದರದ ಮಣ್ಣು ಇನ್ನೊಂದಕ್ಕೆ ಮೆತ್ತಿಕೊಳ್ಳುತ್ತದೆ. ಕೊಳೆತ ಮೊಟ್ಟೆಯಂಥ ವಾಸನೆ ಬಂತು. ಗಾಳಿಯಾಡದ ಕೆಸರಿನಲ್ಲಿ ಹುಟ್ಟುವ ಗಂಧಕದ ಅನಿಲ ಅದು. ಗಾಳಿಯಾಡದೆ ಇರುವುದರಿಂದಲೇ ಎಲೆ, ಬೇರು, ಪರಾಗ ಕೊಳೆಯದೆ ಉಳಿಯುತ್ತವೆ. ದಿಂಡಿನ ಮೇಲ್ತುದಿ ಕಂದು, ತುಂಬಾ ಬೇರುಗಳು. ಕೆಳಗೆ ನೀಲಿ ಛಾಯೆಯ ಬೂದು ಜೇಡಿ, ಅದರಲ್ಲಿ ಚಿಪ್ಪಿನ ಚೂರುಗಳು. ನಡುವೆ ಒಂದು ತೆಳು ಮರಳಿನ ಪದರ, ಅದರಲ್ಲಿ ಅಭ್ರಕದ ಹೊಳಪು. ಹೊಳೆಯ ದೊಡ್ಡ ನೆರೆ ತಂದದ್ದೋ, ಸಮುದ್ರ ಎಸೆದದ್ದೋ, ಲ್ಯಾಬಿನಲ್ಲಿ ನೋಡದೆ ಹೇಳಲ್ಲ ಅಂದಳು. ನನಗೆ ಆ ಮಾತು ಇಷ್ಟವಾಯಿತು.

ಒಂದು ಚಿಟಿಕೆ ಕೆಸರನ್ನು ಸಣ್ಣ ಜರಡಿಯಲ್ಲಿ ತೊಳೆದು ಲೆನ್ಸ್ ಕೊಟ್ಟಳು. ಮರಳಿನ ಕಾಳಿನಷ್ಟು ಗಾತ್ರದ ಸುರುಳಿ ಚಿಪ್ಪು ಕಂಡಿತು. ಫೊರಾಮಿನಿಫೆರಾ ಅಂತ ಹೆಸರು, ಒಂದೇ ಕೋಶದ ಜೀವಿ. ಕೆಲವು ಸುಣ್ಣದ ಚಿಪ್ಪು ಕಟ್ಟುತ್ತವೆ. ಇನ್ನು ಕೆಲವು ಮರಳಿನ ಕಣಗಳನ್ನೇ ಅಂಟಿಸಿಕೊಂಡು ಮನೆ ಮಾಡಿಕೊಳ್ಳುತ್ತವೆ. ಇವುಗಳಲ್ಲಿ ಕೆಲವು ಜಾತಿ ದೊಡ್ಡ ಉಬ್ಬರದ ನೀರು ಮಾತ್ರ ಮುಟ್ಟುವ ಎತ್ತರದ ಜೌಗಿನಲ್ಲಿ ಬದುಕುತ್ತವೆ. ಹಾಗಾಗಿ ಯಾವ ಪದರದಲ್ಲಿ ಯಾವ ಜಾತಿ ಇದೆ ಅಂತ ನೋಡಿದರೆ, ಆ ಕಾಲದಲ್ಲಿ ಸಮುದ್ರದ ಮಟ್ಟ ಎಲ್ಲಿತ್ತು ಅಂತ ಅಂದಾಜು ಮಾಡಬಹುದು. ಸುಮಾರು 20,000 ವರ್ಷಗಳ ಹಿಂದೆ ಸಮುದ್ರ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಹಿಮ ಕರಗಿ, ನೀರು ಏರಿ, ಈಗಿನ ಮಟ್ಟದ ಹತ್ತಿರ ಬಂದು ಸುಮಾರು 7,000 ವರ್ಷ ಆಯಿತು.

ಕಾಲದ ಲೆಕ್ಕಕ್ಕೆ ಬೇರೆ ಬೇರೆ ದಾರಿ ಇವೆ. ಹಳೆಯ ಪದರಕ್ಕೆ ಕಾರ್ಬನ್-14, ಅದರ ಅರ್ಧಾಯುಷ್ಯ, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, 5,730 ವರ್ಷ. ಕಳೆದ ನೂರು, ನೂರೈವತ್ತು ವರ್ಷಕ್ಕೆ ಸೀಸ-210. ಅಣುಬಾಂಬ್ ಪರೀಕ್ಷೆಗಳಿಂದ ಬಿದ್ದ ಸೀಸಿಯಂ-137 ಇನ್ನೊಂದು ಗುರುತು. ಅದು 1963ರ ಸುಮಾರಿಗೆ ಅತಿ ಹೆಚ್ಚು ಇತ್ತು.

ನನ್ನ ಮನಸ್ಸು ಹಿಡಿದದ್ದು ಪರಾಗ. ಅದರ ಹೊರಕವಚ ಎಷ್ಟು ಗಟ್ಟಿ ಅಂದರೆ, ಮರಳನ್ನೇ ಕರಗಿಸುವ ಆಮ್ಲದಲ್ಲೂ ಉಳಿಯುತ್ತದೆ. ಅಳಿವೆಯ ಕೆಸರಿನಲ್ಲಿ ಅಲ್ಲೇ ಬೆಳೆದ ಕಾಂಡ್ಲಾದ ಪರಾಗ ಇರುತ್ತದೆ, ಗದ್ದೆ ಬದಿಯ ಹುಲ್ಲಿನದೂ ಇರುತ್ತದೆ. ಜೊತೆಗೆ ಹೊಳೆ ಹೊತ್ತು ತಂದ ಘಟ್ಟದ ಮರಗಳದ್ದೂ ಇರುತ್ತದೆ. ಕಾರವಾರದ ಆಚೆ ಸಮುದ್ರದ ತಳದಿಂದ ತೆಗೆದ ಕೋರ್‌ಗಳ ಮೇಲಿನ ಒಂದು ಅಧ್ಯಯನ 1994ರಲ್ಲಿ ಬಂತು. ಅದರ ಪ್ರಕಾರ ಸುಮಾರು 3,500 ವರ್ಷಗಳಿಂದೀಚೆಗೆ ಇಲ್ಲಿನ ಹವೆಯ ತೇವ ಕಡಿಮೆಯಾಗಿದೆ. ಅದಕ್ಕೆ ಮುಖ್ಯ ಸಾಕ್ಷಿ ಪರಾಗವೇ.

ನಮ್ಮ ಮನೆಯ ಹಿಂದಿನ ಹಳ್ಳ ಕೆಂಪುಹೊಳೆಗೆ ಸೇರುತ್ತದೆ. ಅದು ಗುಂಡ್ಯದ ಮೂಲಕ ಕುಮಾರಧಾರೆಗೆ ಹೋಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡುತ್ತದೆ. ಸಕಲೇಶಪುರ ಪೇಟೆಯ ನೀರು ಹಾಗಲ್ಲ, ಹೇಮಾವತಿ ಹಿಡಿದು ಗೊರೂರಿನ ಕಡೆ ಹೋಗುತ್ತದೆ. ಅಂದರೆ ನಮ್ಮ ಇಳಿಜಾರಿನ ಮಣ್ಣು ಇಳಿಯುವುದು ಮಂಗಳೂರಿನ ಆ ಜೌಗಿನ ಕಡೆಗೇ. ಇಲ್ಲಿ ಇಳಿಜಾರಿನಲ್ಲಿ ಏನೂ ನಿಲ್ಲುವುದಿಲ್ಲ. ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ. ಕಾಡು ಕಡಿದು, ಸುಟ್ಟು, ತೋಟ ಮಾಡಿದ ಕಾಲದ ಇದ್ದಿಲ ಪುಡಿ, ಕೊಚ್ಚಿಹೋದ ಮೇಲ್ಮಣ್ಣು ಎಲ್ಲ ಅಲ್ಲೇ ಎಲ್ಲೋ ಪದರವಾಗಿ ಕೂತಿರಬೇಕು.

ಕಾಫಿ ಪರಾಗ ಸಿಗುತ್ತಾ ಅಂತ ಕೇಳಿದೆ. ಕಷ್ಟ ಅಂದಳು. ನಮ್ಮ ಹೂ ಕೆಲವೇ ದಿನದ್ದು, ಅಷ್ಟು ದೂರ ಹೋಗಿ ಉಳಿಯುವಷ್ಟು ಪರಾಗ ಇಲ್ಲ. ಕಡಲ ತೀರದಲ್ಲಿ 19ನೇ ಶತಮಾನದಲ್ಲಿ ನೆಟ್ಟ ಗಾಳಿ ಮರದ್ದು ಹಾಗಲ್ಲ. ಅದರ ಪರಾಗವನ್ನು ಗಾಳಿಯೇ ಹರಡುವುದರಿಂದ ಚೆನ್ನಾಗಿ ಸಿಗುತ್ತದೆ, ಕಾಲ ಗುರುತಿಸಲು ಉಪಯೋಗಕ್ಕೆ ಬರುತ್ತದೆ.

ನಮ್ಮಲ್ಲಿ ಅಜ್ಜನ ಕಾಲದಿಂದ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಬರೆಯುತ್ತೇವೆ. ಇಲ್ಲಿನ ಎಲ್ಲ ತೋಟದವರೂ ಮಾಡೋದು ಅದೇ. ಆ ಜೌಗು ನೆಲ ನಮ್ಮ ಇಡೀ ಸೀಮೆಯ ಮಳೆ ಪುಸ್ತಕ. ನಮ್ಮ ಪುಸ್ತಕ ಶುರುವಾಗುವುದಕ್ಕಿಂತ ಸಾವಿರಾರು ವರ್ಷ ಮೊದಲಿನ ಪುಟಗಳೂ ಅದರಲ್ಲಿವೆ. ಅಂಥ ಜಾಗವನ್ನು ಬರೀ ಕೆಸರು ಅಂತ ಮಣ್ಣು ತುಂಬಿ ಸೈಟು ಮಾಡುತ್ತಾರೆ. ಕಾಂಡ್ಲಾ ಕಡಿಯುವಾಗ ಏಡಿ, ಮೀನಿನ ಬಗ್ಗೆ ಕರಾವಳಿಯವರು ಮಾತಾಡುತ್ತಾರೆ, ಸರಿಯೇ. ಘಟ್ಟದ ಮೇಲಿನ ನಾವೂ ಮಾತಾಡಬೇಕು ಅಂತ ನನಗೆ ಬಲವಾಗಿ ಅನ್ನಿಸಿತು. ಕಳೆದುಹೋಗುವುದು ನಮ್ಮ ಲೆಕ್ಕವೂ ಹೌದು ಅಲ್ವಾ?

ಹೊರಡುವ ಮೊದಲು ಅವಳು ಇನ್ನೊಂದು ಕೆಲಸ ಹೇಳಿದಳು. ಕೆಸರಿನಲ್ಲಿ ಸಿಕ್ಕ ಪರಾಗದಿಂದ ಹಳೆಯ ಕಾಡನ್ನು ಊಹಿಸಬೇಕಾದರೆ, ಇವತ್ತಿನ ಕಾಡು ಎಷ್ಟು ಪರಾಗ ಬೀಳಿಸುತ್ತದೆ ಅಂತ ಗೊತ್ತಿರಬೇಕು. ಮರದ ಬುಡದ ಪಾಚಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಪಾಚಿಗೇನು ಬರ! ಹಳ್ಳದ ಬದಿಯ ಕಾಡಿನಲ್ಲಿ, ಸಿಲ್ವರ್ ಓಕ್ ಸಾಲಿನಲ್ಲಿ, ಗದ್ದೆಯ ಅಂಚಿನಲ್ಲಿ ಬೇರೆ ಬೇರೆ ಕವರಿಗೆ ಕೆರೆದು ಕೊಟ್ಟೆ. ಯಾವ ಮರ ಯಾವ ತಿಂಗಳು ಹೂ ಬಿಡುತ್ತದೆ ಅಂತಲೂ ಬೇಕಂತೆ. ಈಗ ಮಳೆ ಬರೆಯುವಾಗ ಪಕ್ಕದಲ್ಲಿ ಅದನ್ನೂ ಬರೆದು, ತಿಂಗಳ ಕೊನೆಗೆ ಫೋಟೊ ತೆಗೆದು ಅವಳಿಗೆ ಕಳಿಸುತ್ತಿದ್ದೇನೆ.