ಟೊಲೆಡೊ ಕ್ಯಾಥೆಡ್ರಲ್‌ಗೆ ಒಂದು ಇಡೀ ಬೆಳಗು

ಮ್ಯಾಡ್ರಿಡ್‌ಗೆ ಹೋದ ಪ್ರವಾಸಿಗರಲ್ಲಿ ಅನೇಕರು ಟೊಲೆಡೊ ನಗರಕ್ಕೆ ಒಂದು ದಿನವನ್ನು ಮೀಸಲಿಡುತ್ತಾರೆ. ಕೋಟೆ, ಸೇತುವೆಗಳು, ಯಹೂದಿಗಳ ಹಳೆಯ ಕೇರಿ, ಎಲ್ ಗ್ರೆಕೊನ ಚಿತ್ರಗಳು, ಕತ್ತಿ ಮಾರುವ ಅಂಗಡಿಗಳು ಎಲ್ಲವನ್ನೂ ಆ ಒಂದೇ ದಿನದಲ್ಲಿ ತುರುಕಿದ ಮೇಲೆ ಕ್ಯಾಥೆಡ್ರಲ್‌ಗೆ ಉಳಿಯುವುದು ಮುಕ್ಕಾಲು ಗಂಟೆ ಮಾತ್ರ. ನನ್ನ ಸಲಹೆ ಇದಕ್ಕೆ ತದ್ವಿರುದ್ಧವಾದದ್ದು. ಬೆಳಗಿನ ಹೊತ್ತನ್ನು ಪೂರ್ತಿಯಾಗಿ ಕ್ಯಾಥೆಡ್ರಲ್‌ಗೇ ಕೊಟ್ಟು, ಉಳಿದುದನ್ನು ಮಧ್ಯಾಹ್ನದ ಮೇಲೆ ಆದಷ್ಟು ನೋಡಿದರೆ ಸಾಕು. ಇದು ಒಳಗೆ ಮಬ್ಬುಗತ್ತಲನ್ನು ತುಂಬಿಕೊಂಡಿರುವ ಕಟ್ಟಡ. ಕಣ್ಣು ಆ ಕತ್ತಲೆಗೆ ಹೊಂದಿಕೊಳ್ಳಲು ಸಮಯ ಬೇಕು, ಮತ್ತು ಇದರ ಅತ್ಯಂತ ಸಾಹಸದ ಭಾಗವನ್ನು ನೋಡಲು ಸೂರ್ಯ ಪೂರ್ವ ದಿಕ್ಕಿನಲ್ಲಿರಬೇಕು.

ಮ್ಯಾಡ್ರಿಡ್‌ನ ಅತೋಚಾ ನಿಲ್ದಾಣದಿಂದ ಹೊರಡುವ ಅವಾಂತ್ ವೇಗದ ರೈಲು ಅರ್ಧ ಗಂಟೆಗಿಂತ ಸ್ವಲ್ಪವೇ ಹೆಚ್ಚಿನ ಸಮಯದಲ್ಲಿ ಟೊಲೆಡೊ ಮುಟ್ಟಿಸುತ್ತದೆ. ವಾರಾಂತ್ಯದಲ್ಲಿ ಬೆಳಗಿನ ರೈಲುಗಳ ಸೀಟುಗಳು ಬೇಗ ತುಂಬುವುದರಿಂದ ಹೋಗುವ ಮತ್ತು ಬರುವ ಟಿಕೆಟ್‌ಗಳೆರಡನ್ನೂ ಮೊದಲೇ ಕಾಯ್ದಿರಿಸಬೇಕು. ನಿಲ್ದಾಣದಲ್ಲಿ ಚೀಲಗಳ ತಪಾಸಣೆ ಇರುವುದರಿಂದ ಸ್ವಲ್ಪ ಮುಂಚಿತವಾಗಿಯೇ ತಲುಪಬೇಕು. ರೈಲು ಸಿಗದಿದ್ದರೆ ಪ್ಲಾಸಾ ಎಲಿಪ್ತಿಕಾದಿಂದ ಬಸ್ಸುಗಳಿವೆ. ಅವು ಒಂದು ಗಂಟೆಯೋ ಅದಕ್ಕಿಂತ ಕೊಂಚ ಹೆಚ್ಚೋ ತೆಗೆದುಕೊಳ್ಳುತ್ತವೆ. ಹಳೆಯ ನಗರವು ತಾಹೋ ನದಿ ಮೂರು ಕಡೆ ಬಳಸಿ ಹರಿಯುವ ಗುಡ್ಡದ ಮೇಲಿದೆ. ನಿಲ್ದಾಣದಿಂದ ಅಲ್ಕಾಂತರಾ ಸೇತುವೆ ದಾಟಿ ನಡೆದು ಹತ್ತಬಹುದಾದರೂ, ಹಿರಿಯರು ಜೊತೆಗಿದ್ದರೆ ನಗರದ ಬಸ್ಸು ಹಿಡಿಯುವುದು ಅಥವಾ ಗುಡ್ಡದ ಬದಿಯಲ್ಲಿ ಅಳವಡಿಸಿರುವ ಎಸ್ಕಲೇಟರ್ ಬಳಸುವುದು ಒಳ್ಳೆಯದು. ಮೇಲಿನ ಬೀದಿಗಳೆಲ್ಲ ಕಲ್ಲು ಹಾಸಿದ ಏರಿಳಿತಗಳು. ಗಟ್ಟಿ ಅಡಿಯ ಶೂ ಇಲ್ಲದೆ ಹೋಗಬಾರದು.

ಸಾಮಾನ್ಯ ದಿನಗಳಲ್ಲಿ ಪ್ರವಾಸಿಗರಿಗೆ ಬೆಳಗ್ಗೆ 10ರಿಂದ ಪ್ರವೇಶವಿರುತ್ತದೆ. ಭಾನುವಾರ ಬೆಳಗ್ಗೆ ಬಲಿಪೂಜೆಗಳು, ಅಂದರೆ ಚರ್ಚಿನ ಸಾಮೂಹಿಕ ಪೂಜೆಗಳು (ಮಾಸ್), ನಡೆಯುವುದರಿಂದ ಪ್ರವಾಸಿಗರನ್ನು ಮಧ್ಯಾಹ್ನ 2ರ ನಂತರವೇ ಒಳಗೆ ಬಿಡುತ್ತಾರೆ. ಆದ್ದರಿಂದ ಭಾನುವಾರವನ್ನು ಬಿಟ್ಟು ಬೇರೆ ಯಾವ ದಿನವಾದರೂ ಆದೀತು. ಸಂದರ್ಶಕರ ಪ್ರವೇಶವಿರುವುದು ದಕ್ಷಿಣ ಬದಿಯ ಪ್ಯುಯೆರ್ತಾ ಯಾನಾ ಎಂಬ ಬಾಗಿಲಿನಿಂದ. 1800ರಲ್ಲಿ ಮಾಡಿದ ಈ ಬಾಗಿಲು ಕಟ್ಟಡದ ಉಳಿದ ದ್ವಾರಗಳ ಶೈಲಿಗೆ ಹೊಂದದೆ ಸಪ್ಪೆಯಾಗಿ ಕಾಣುತ್ತದೆ. ಆದರೆ ಮೆಟ್ಟಿಲಿಲ್ಲದ ಬಾಗಿಲಾದ್ದರಿಂದ ಗಾಲಿಕುರ್ಚಿಯವರಿಗೆ ಅನುಕೂಲ.

ಒಳಗೆ ಹೋಗುವ ಮೊದಲು ನಗರಸಭೆಯ ಮುಂದಿನ ಚೌಕದಲ್ಲಿ ಹತ್ತು ನಿಮಿಷ ನಿಲ್ಲಿ. ಸುತ್ತಲೂ ಮನೆಗಳು ಒತ್ತಿಕೊಂಡಿರುವುದರಿಂದ ಪಶ್ಚಿಮದ ಮುಖಮಂಟಪವನ್ನು ಪೂರ್ತಿಯಾಗಿ ನೋಡಲು ಸಿಗುವ ಜಾಗ ಅದೊಂದೇ. ಎಡಕ್ಕೆ ಸುಮಾರು 90 ಮೀಟರ್ ಎತ್ತರದ ಗೋಪುರವಿದೆ. ಬಲಕ್ಕೆ ಅದರ ಜೋಡಿ ಗೋಪುರ ಏಳಲೇ ಇಲ್ಲ, ಅಲ್ಲಿ ಗುಮ್ಮಟವಿರುವ ಮೊಸರಾಬಿಕ್ ಪ್ರಾರ್ಥನಾಲಯವಿದೆ. ಅರಬ್ಬರ ಆಳ್ವಿಕೆಯ ಕಾಲದಲ್ಲಿ ಇಲ್ಲಿನ ಕ್ರೈಸ್ತರು ಉಳಿಸಿಕೊಂಡಿದ್ದ ಪ್ರಾಚೀನ ಪೂಜಾವಿಧಿ ಆ ಪ್ರಾರ್ಥನಾಲಯದಲ್ಲಿ ಇಂದಿಗೂ ನಡೆಯುತ್ತದೆ. ಆ ಗುಮ್ಮಟವನ್ನು ರೂಪಿಸಿದವನು ಎಲ್ ಗ್ರೆಕೊನ ಮಗ ಹೋರ್ಹೆ ಮಾನ್ವೆಲ್.

ಬೇಲೂರು, ಹಳೇಬೀಡುಗಳಲ್ಲಿ ಹೊರಗೋಡೆಯ ಶಿಲ್ಪವನ್ನು ನೋಡುತ್ತ ಸುತ್ತು ಬರುವ ಅಭ್ಯಾಸವಿರುವ ನಮಗೆ ಇಲ್ಲಿ ಎಲ್ಲವೂ ತಿರುವುಮುರುವಾಗಿ, ಒಳಗಡೆಗೇ ಇಟ್ಟಂತೆ ತೋರುತ್ತದೆ. 1085ರಲ್ಲಿ ಕ್ರೈಸ್ತ ದೊರೆ ಆರನೆಯ ಅಲ್ಫೋನ್ಸೊ ನಗರವನ್ನು ಅರಬ್ಬರಿಂದ ಗೆದ್ದ ನಂತರ ಇಲ್ಲಿದ್ದ ಮುಖ್ಯ ಮಸೀದಿಯೇ ಬಹುಕಾಲ ಕ್ಯಾಥೆಡ್ರಲ್ ಆಗಿ ಬಳಕೆಯಲ್ಲಿತ್ತು. ದೊರೆ ಮೂರನೆಯ ಫರ್ನಾಂಡೊನ ಕಾಲದಲ್ಲಿ, ಮಹಾಧರ್ಮಾಧ್ಯಕ್ಷ ರೊದ್ರಿಗೊ ಹಿಮೆನೆಸ್ ದೆ ರಾದಾ ಅವರ ಮುತುವರ್ಜಿಯಿಂದ 1226ರಲ್ಲಿ ಹೊಸ ಕಟ್ಟಡ ಆರಂಭವಾಗಿ, 1493ರಲ್ಲಿ ಕೊನೆಯ ಚಾವಣಿ ಮುಚ್ಚಿತು. ಸುಮಾರು 120 ಮೀಟರ್ ಉದ್ದ, 60 ಮೀಟರ್ ಅಗಲದ ಈ ಕಟ್ಟಡದಲ್ಲಿ ಐದು ಅಂಕಣಗಳು ಉದ್ದಕ್ಕೂ ಹಾಯ್ದಿವೆ. ನಡುವಿನದು ಎಲ್ಲಕ್ಕಿಂತ ಎತ್ತರ, ಬದಿಯವು ಹಂತಹಂತವಾಗಿ ತಗ್ಗು. ಯೋಜನೆ ಮೊನಚು ಕಮಾನುಗಳ, ಫ್ರಾನ್ಸಿನ ಗೋಥಿಕ್ ಮಾದರಿಯದಾದರೂ, ಬಲಿಪೀಠದ ಸುತ್ತಲಿನ ಮೇಲುಸಾಲಿನಲ್ಲಿ ಹೂವಿನ ಎಸಳಿನಂತೆ ಕೊರೆದ ಕಮಾನುಗಳನ್ನು ಗಮನಿಸಿದರೆ ಅರಬ್ ಕುಶಲಕರ್ಮಿಗಳ ಪರಂಪರೆ ಅಲ್ಲಿ ಬೆರೆತಿರುವುದು ತಿಳಿಯುತ್ತದೆ.

ಹೊಸಬರಿಗೆ ಮೊದಲು ಕಸಿವಿಸಿಯಾಗುವ ಸಂಗತಿಯೊಂದಿದೆ. ಬಾಗಿಲಿನಿಂದ ಬಲಿಪೀಠದವರೆಗೆ ನೇರ ನೋಟ ಸಿಗುವುದಿಲ್ಲ. ಸ್ಪೇನಿನ ಅನೇಕ ಕ್ಯಾಥೆಡ್ರಲ್‌ಗಳಲ್ಲಿರುವಂತೆ ಗಾಯಕವೃಂದದ ಆವರಣವು ನಡು ಅಂಕಣದ ಮಧ್ಯದಲ್ಲೇ ಗೋಡೆ ಕಟ್ಟಿಕೊಂಡು ಕುಳಿತಿದೆ. ಅದನ್ನು ಆಮೇಲೆ ನೋಡಿದರಾಯಿತು. ಒಳಹೊಕ್ಕ ಕೂಡಲೇ ಬಲಕ್ಕೆ ತಿರುಗಿ, ಪೂರ್ವದ ತುದಿಗೆ, ಬಲಿಪೀಠದ ಹಿಂದೆ ಬಳಸಿ ಹೋಗುವ ಪ್ರದಕ್ಷಿಣಾಪಥಕ್ಕೆ ನಡೆಯಿರಿ. ಇಲ್ಲಿ ಪಥವು ಒಂದಲ್ಲ, ಎರಡು. ಅರ್ಧವೃತ್ತಾಕಾರದಲ್ಲಿ ತಿರುಗುವ ದಾರಿಯ ಒಳ ಅಂಚು ಚಿಕ್ಕದು, ಹೊರ ಅಂಚು ದೊಡ್ಡದು. ಹಾಗಾಗಿ ಸಮನಾದ ಚೌಕಗಳಲ್ಲಿ ಅದರ ಚಾವಣಿ ಕಟ್ಟುವುದು ಗೋಥಿಕ್ ಸ್ಥಪತಿಗಳಿಗೆಲ್ಲ ತೊಡಕಾಗಿತ್ತು. ಟೊಲೆಡೊದವರು ಒಂದು ಆಯತ, ಒಂದು ತ್ರಿಕೋನ ಎಂಬಂತೆ ಸರದಿಯಲ್ಲಿ ಚಾವಣಿಯನ್ನು ಹಂಚಿ, ಹೆಚ್ಚುವರಿ ಅಗಲವನ್ನೆಲ್ಲ ತ್ರಿಕೋನಗಳಿಗೆ ವಹಿಸಿಬಿಟ್ಟರು. ಕತ್ತೆತ್ತಿ, ಚಾವಣಿಯನ್ನು ಹೊತ್ತಿರುವ ಪಕ್ಕೆಲುಬಿನಂಥ ಕಲ್ಲಿನ ಪಟ್ಟಿಗಳ ಜಾಲವನ್ನು ಕಣ್ಣಿನಲ್ಲೇ ಎಣಿಸುತ್ತ ಒಂದು ಸುತ್ತು ಬಂದರೆ ಇದು ಗ್ರಂಥದಲ್ಲಿ ಓದುವುದಕ್ಕಿಂತ ಸುಲಭವಾಗಿ ಅರ್ಥವಾಗುತ್ತದೆ.

ಈ ಪಥದಲ್ಲೇ, ಮುಖ್ಯ ಬಲಿಪೀಠದ ಬೆನ್ನಿಗೆ, ಟ್ರಾನ್ಸ್‌ಪರೆಂತೆ ಎಂಬ ಶಿಲ್ಪರಚನೆ ಇದೆ. ಪರಮಪ್ರಸಾದವನ್ನು, ಅಂದರೆ ಕ್ರಿಸ್ತನ ಶರೀರವೆಂದು ಆರಾಧಿಸುವ ರೊಟ್ಟಿಯನ್ನು, ಇಡುವ ಗೂಡಿಗೆ ಬೆಳಕು ಸಾಲದೆಂದು 18ನೇ ಶತಮಾನದಲ್ಲಿ ಅದರ ಹಿಂಗೋಡೆಯನ್ನು ತೆರೆದರು; ಆದರೆ ಹಿಂದಿನ ಪಥವೂ ಕತ್ತಲೆಯೇ. ಆಗ ನಾರ್ಸಿಸೊ ತೊಮೆ ಎಂಬ ಶಿಲ್ಪಿ ಎದುರಿನ ಗೋಥಿಕ್ ಚಾವಣಿಯ ಒಂದು ತುಂಡನ್ನೇ ಕಿತ್ತು, ಅದರ ಮೇಲೆ ಮರೆಯಾದ ಕಿಟಕಿಯಿರುವ ಗೂಡನ್ನು ಕಟ್ಟಿದನು. 1732ರಲ್ಲಿ ಮುಗಿದ ಈ ರಚನೆಯಲ್ಲಿ ಅಮೃತಶಿಲೆ, ಕಂಚು, ವರ್ಣಚಿತ್ರಗಳು ಒಂದರೊಳಗೊಂದು ಕರಗಿ, ದೇವದೂತರು ಮೋಡಗಳೊಡನೆ ಕಿಂಡಿಯ ಅಂಚಿನಿಂದ ಇಣುಕುತ್ತಾರೆ. ಗೋಥಿಕ್ ಶುದ್ಧತೆಯನ್ನು ಮೆಚ್ಚುವ ಹಲವರು ಇದನ್ನು ಅತಿರೇಕವೆಂದು ಜರೆದಿದ್ದಾರೆ. ನನಗಂತೂ, ಐನೂರು ವರ್ಷ ಹಳೆಯ ಚಾವಣಿಗೆ ರಂಧ್ರ ಕೊರೆಯುವ ಆ ಎದೆಗಾರಿಕೆಯೇ ಇಡೀ ಕಟ್ಟಡದ ಅತ್ಯಂತ ಕುತೂಹಲಕರ ಸಂಗತಿಯೆನಿಸಿತು. ಬೆಳಗ್ಗೆ ಪೂರ್ವದ ಬಿಸಿಲು ಒಳಬೀಳುವಾಗ ಮಾತ್ರ ಅದರ ಲೆಕ್ಕಾಚಾರ ಫಲಿಸುತ್ತದೆ. ಸಂಜೆ ಬಂದವರಿಗೆ ಅದು ಬರಿಯ ಕಿಕ್ಕಿರಿದ ಶಿಲ್ಪರಾಶಿ. ಅದೇ ಪಥದಲ್ಲಿ ಅಲ್ಲಲ್ಲಿ ಚಾವಣಿಯಿಂದ ಕೆಂಪು ಟೋಪಿಗಳು ತೂಗುತ್ತಿರುವುದನ್ನು ಕಾಣಬಹುದು. ಕೆಳಗೆ ಸಮಾಧಿಯಾದ, ಉನ್ನತ ಧರ್ಮಗುರುಗಳಾದ ಕಾರ್ಡಿನಲ್‌ಗಳ ಟೋಪಿಗಳು ಅವು, ತಾವಾಗಿ ಜೀರ್ಣವಾಗಿ ಬೀಳುವವರೆಗೆ ಯಾರೂ ಇಳಿಸುವುದಿಲ್ಲ.

ಅನಂತರ ಗಾಯಕವೃಂದದ ಆವರಣಕ್ಕೆ ಬನ್ನಿ. ಕೆಳಸಾಲಿನ ಆಸನಗಳ ಬೆನ್ನಿನ ಮೇಲೆ ಶಿಲ್ಪಿ ರೊದ್ರಿಗೊ ಅಲೆಮಾನ್, ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯವಾದ ಗ್ರನಾಡಾದ ಮೇಲೆ ಕ್ರೈಸ್ತ ದೊರೆಗಳು ನಡೆಸಿದ ಯುದ್ಧವನ್ನು ಆ ಕಾಲದಲ್ಲೇ, ಅಂದರೆ 15ನೇ ಶತಮಾನದ ಕೊನೆಯಲ್ಲಿ, 54 ಮರದ ಫಲಕಗಳಲ್ಲಿ ಕೆತ್ತಿದ್ದಾನೆ. ಗೆದ್ದವರ ಕಣ್ಣಿನ ಇತಿಹಾಸವೇ ಆದರೂ ಕೋಟೆಬಾಗಿಲು, ಕುದುರೆ, ಆಯುಧಗಳ ವಿವರಗಳಿಗಾಗಿ ಒಂದೊಂದನ್ನೂ ಬಗ್ಗಿ ನೋಡಬೇಕು. ಎದುರಿನ ಮುಖ್ಯ ಬಲಿಪೀಠದ ಹಿಂದಿರುವ, ಚಿನ್ನದ ಲೇಪದ ಬೃಹತ್ ಮರಗೆತ್ತನೆ ಕಬ್ಬಿಣದ ಜಾಲರಿಯ ಆಚೆಗಿರುವುದರಿಂದ ಅದರ ಮೇಲಿನ ಸಾಲುಗಳು ಬರಿಗಣ್ಣಿಗೆ ಸಿಗುವುದಿಲ್ಲ. ಚಿಕ್ಕ ದುರ್ಬೀನೊಂದು ಜೇಬಿನಲ್ಲಿದ್ದರೆ ಲಾಭ.

ಪೂಜಾವಸ್ತ್ರಗಳ ಕೋಣೆಯೇ ಒಂದು ಚಿತ್ರಶಾಲೆ. ಮೇಲೆ ಲೂಕಾ ಜೊರ್ದಾನೊನ ಭಿತ್ತಿಚಿತ್ರ, ನೇರ ಎದುರಿಗೆ ಎಲ್ ಗ್ರೆಕೊ 1577–79ರಲ್ಲಿ ಈ ಸ್ಥಳಕ್ಕೆಂದೇ ಬರೆದ, ಕ್ರಿಸ್ತನ ವಸ್ತ್ರಾಪಹರಣದ ಚಿತ್ರ. ಗುಂಪಿನ ತಲೆಗಳು ಕ್ರಿಸ್ತನ ತಲೆಗಿಂತ ಮೇಲಿವೆ ಎಂಬ ಆಕ್ಷೇಪವೆದ್ದು, ಅದರ ಬೆಲೆಯ ಬಗ್ಗೆ ದೊಡ್ಡ ವ್ಯಾಜ್ಯವೇ ನಡೆದಿತ್ತು. ಗೋಯಾನ ಒಂದು ಚಿತ್ರವೂ ಇಲ್ಲಿದೆ. ಖಜಾನೆಯಲ್ಲಿ ಎನ್ರಿಕೆ ದೆ ಆರ್ಫೆ ಮಾಡಿದ, ಸುಮಾರು 3 ಮೀಟರ್ ಎತ್ತರದ ಬೆಳ್ಳಿಯ ಮಂಟಪವನ್ನು ನೋಡಿ ಮುಂದೆ ಹೋಗಬಹುದು. ಗೋಪುರ ಹತ್ತಲು ಬೇರೆ ಟಿಕೆಟ್ ಮತ್ತು ಗೊತ್ತಾದ ಸಮಯವಿರುತ್ತದೆ. 17 ಟನ್‌ಗೂ ಹೆಚ್ಚು ತೂಗುವ, ಬಿರುಕು ಬಿಟ್ಟ ಗಂಟೆಯೊಂದು ಮೇಲಿದೆ, ಆದರೆ ಮೆಟ್ಟಿಲುಗಳು ಇಕ್ಕಟ್ಟಾದವು. ಮೊಣಕಾಲು ನೋವಿದ್ದವರು ಬಿಟ್ಟುಬಿಡಲಿ.

ಹೊರಬಂದ ಮೇಲೆ ಎಲ್ಲ ಅಂಗಡಿಗಳಲ್ಲೂ ಕಾಣುವ ಬಾದಾಮಿಯ ಮಾಸಾಪಾನ್ ಸಿಹಿಯನ್ನು ಸಸ್ಯಾಹಾರಿಗಳು ವಿಚಾರಿಸಿಯೇ ಕೊಳ್ಳಬೇಕು. ಹಲವು ಬಗೆಗಳ ಮೇಲೆ ಮೊಟ್ಟೆ ಸವರಿರುತ್ತಾರೆ. ಪರಮಪ್ರಸಾದದ ಹಬ್ಬವಾದ ಕಾರ್ಪಸ್ ಕ್ರಿಸ್ತಿಯ ವಾರದಲ್ಲಿ, ಅಂದರೆ ಮೇ ಕೊನೆ ಅಥವಾ ಜೂನ್‌ನಲ್ಲಿ, ಆ ಬೆಳ್ಳಿಯ ಮಂಟಪ ಬೀದಿಗೆ ಮೆರವಣಿಗೆ ಹೊರಡುತ್ತದೆ. ಅದನ್ನು ನೋಡಬೇಕೆನ್ನುವವರು ಕೋಣೆಯನ್ನು ಬಹಳ ಮೊದಲೇ ಕಾಯ್ದಿರಿಸಬೇಕು. ಕಟ್ಟಡವನ್ನೇ ನಿಧಾನವಾಗಿ ನೋಡಬೇಕೆನ್ನುವವರು ಆ ವಾರವನ್ನು ತಪ್ಪಿಸಿ ಹೋಗುವುದು ಲೇಸು.