ಚಿಂಚೋಳಿ ಎರಿ ರಾಡ್ಯಾಗ ಎರಡು ಗಾಡಿ: ಮಾಡಿಫೈ ಮಾಡ್ಸೋಕಿಂತ ಮೊದ್ಲ ಓದ್ರಿ

ಹೋದ ಸಪ್ಟೆಂಬರದಾಗ ಕಲಬುರಗಿಯಿಂದ ಚಿಂಚೋಳಿ ಕಡಿ ಹೋಗಿ ಬಂದ್ವಿ, ಹೆಚ್ಚುಕಡಿಮಿ 85 ಕಿಲೋಮೀಟರ್, ಎರಡು ಗಾಡಿ. ನಂದು 2014ರ ಜಿಪ್ಸಿ, ಸೀಟ್ ಕವರ್ ಬಿಟ್ರ ಏನೂ ಹಾಕ್ಸಿಲ್ಲ. ದೋಸ್ತಂದು ಥಾರ್, ಗಾಡಿ ಎರಡಿಂಚು ಎತ್ತರ ಮಾಡೋ ಲಿಫ್ಟ್ ಕಿಟ್, ರಾಡಿಗಂತಲೇ ಮಾಡಿದ ಮಡ್ ಟೆರೇನ್ ಟೈರ್, ಸಿಕ್ಕ ಗಾಡಿ ಹಗ್ಗದಿಂದ ಎಳಿಯೋ ಮೋಟರ್ ಅಂದ್ರ ವಿಂಚ್, ಇಂಜಿನ್‌ಗೆ ಮ್ಯಾಲಿಂದ ಗಾಳಿ ಕೊಡೋ ಪೈಪ್ ಅಂದ್ರ ಸ್ನಾರ್ಕೆಲ್, ಎಲ್ಲಾ ಕೂಡಿ ಎರಡೂವರೆ ಲಕ್ಷ ಸುರದಾನ. ಗಾಡಿ ಭಾಳ ಚಂದ ಕಾಣ್ತದ, ಸುಳ್ಳ್ ಹೇಳಂಗಿಲ್ಲ.

ಮೊದ್ಲೇ ಒಂದ್ ಮಾತು. ಚಿಂಚೋಳಿ ಹತ್ರದ ಚಂದ್ರಂಪಳ್ಳಿ ಡ್ಯಾಂ ನೋಡಾಕ ಫೋರ್ ಬೈ ಫೋರ್ (ನಾಕೂ ಗಾಲಿ ಎಳಿಯೋ ಗಾಡಿ) ಏನ್ ಬೇಕಾಗಿಲ್ಲ, ಸಾದಾ ಕಾರ್ ಸಾಕು. ಸುತ್ತಲಿನ ಕಾಡು 2011ರಾಗ ವನ್ಯಜೀವಿ ಧಾಮ ಆಗ್ಯದ, ಅದರಾಗ ಪರ್ಮಿಶನ್ ಇಲ್ದ ಗಾಡಿ ನುಗ್ಸಬ್ಯಾಡ್ರಿ. ನಾವು ಆಫ್‌ರೋಡ್ ಮಾಡಿದ್ದು ನಮ್ಮ ಸೋದರಮಾವನ ಹೊಲಕ್ಕ ಹೋಗೋ ಚಕ್ಕಡಿ ದಾರ್ಯಾಗ, ಎರಡೂ ಕಡಿ ಸೊಂಟದ ಮಟ ತೊಗರಿ, ಹಿಂದಿನ ಎರಡ್ ದಿನ ಮಳಿ ಹೊಡದಿತ್ತು.

ಎರಿ ಮಣ್ಣು, ಅಂದ್ರ ಕರಿ ಮಣ್ಣು, ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಮ್ಯಾಲ ಬಿಸ್ಲಿಗೆ ಪಾಪಡಿ ಹಂಗ ಒಣಗಿರ್ತದ, ಕೆಳಗ ಅರ್ಧ ಫೂಟ್ ಬೆಣ್ಣಿ. ಟೈರಿನ ಕಚ್ಚಿನ್ಯಾಗ ತುಂಬ್ಕೊಂಡ್ ಬಿಟ್ರ ಮಡ್ ಟೆರೇನ್ ಆದ್ರೂ ಅಷ್ಟೇ, ಬೋಳ್ ಟೈರ್ ಆದ್ರೂ ಅಷ್ಟೇ. ದೋಸ್ತ ಮುಂದ್ ಹೊಂಟಿದ್ದ, ಗಾಲಿ ತಿರಗಾಕತ್ತಿದ ಕೂಡ್ಲೇ ಕಾಲು ತೆಗೀಬೇಕಿತ್ತು, ಇವ ಇನ್ನಾ ಜೋರ್ ಒತ್ತಿದ, ಒತ್ತಿದಷ್ಟು ತೋಡ್ಕೊಂತ ಹೋತು, ಕಡಿಗಿ ಟ್ರ್ಯಾಕ್ಟರ್ ಗಾಲಿ ಬಿದ್ದ ತೆಗ್ಗಿನ ನಡುವಿನ ದಿಬ್ಬಕ್ಕ ಹಿಂದಿನ ಡಿಫರೆನ್ಶಿಯಲ್ ಗುಂಡು (ಎರಡ್ ಗಾಲಿ ನಡುವ ಕೆಳಗ ಜೋತಿರೋ ಗೇರಿನ ಗುಂಡು) ಕುಂತೇ ಬಿಡ್ತು.

ಇಲ್ಲೇ ಭಾಳ ಮಂದಿ ಮೋಸ ಹೋಗ್ತಾರ. ಲಿಫ್ಟ್ ಕಿಟ್ ಬಾಡಿ ಎತ್ತರ ಮಾಡ್ತದ, ಆದ್ರ ಹಿಂದ ಸಾಲಿಡ್ ಆಕ್ಸಲ್, ಅಂದ್ರ ಎರಡೂ ಗಾಲಿ ಕೂಡ್ಸೋ ಒಂದೇ ಗಟ್ಟಿ ಅಚ್ಚು, ಇದ್ರ ಆ ಗುಂಡು ಇದ್ದಲ್ಲೇ ಇರ್ತದ, ಅದು ಏಳಬೇಕಂದ್ರ ದೊಡ್ಡ ಟೈರ್ ಬೇಕು, ದೊಡ್ಡ ಟೈರ್ ಹಾಕಿದ್ರ ಪಿಕಪ್, ಬ್ರೇಕ್, ಸ್ಪೀಡೋಮೀಟರ್ ಎಲ್ಲಾ ಬದ್ಲಾಗ್ತದ.

ಆಮ್ಯಾಲ ವಿಂಚ್. ಹಗ್ಗ ಇಪ್ಪತ್ತೆಂಟು ಮೀಟರ್, ಹತ್ತಿರದ ಜಾಲಿ ಗಿಡ ಅದರ ಎರಡ್ ಪಟ್ಟು ದೂರ, ನಡುವೆ ಬರೇ ತೊಗರಿ. ತೊಗರಿ ಗಿಡಕ್ಕ ಕಟ್ಟಾಕ ಬರ್ತದೇನ್ರಿ? ನನ್ ಜಿಪ್ಸಿಗೆ ಕಟ್ಟಿದ್ರ ನನ್ ಗಾಡೀನೇ ಅವನ ಕಡಿ ಜಾರಾಕತ್ತಿತು.

ಬಾಜೂ ಹೊಲದಾಗ ಕಳೆ ತೆಗೀತಿದ್ದ ಒಬ್ಬ ಮುತ್ಯಾ ಬಂದ, ಒಂದ್ ಸುತ್ತ್ ಹಾಕಿದ, "ಏ ತಮ್ಮಾ, ಇಳದ್ ನೋಡೀದೇನ್ ಮೊದ್ಲ?" ಅಂದ. ಯಾರೂ ಇಳದಿದ್ದಿಲ್ಲ. ಕೈಯಾಗಿನ ಕುರ್ಪಿಲೇ ಟೈರಿನ ಕಚ್ಚು ಒಂದೊಂದೇ ಕೆರದ, ಗುಂಡಿನ ಕೆಳಗಿನ ಮಣ್ಣು ನಾವ್ ತೆಗದ್ವಿ, ಟೈರಿನ ಗಾಳಿ ಮೂವತ್ತರಿಂದ ಹದಿನೆಂಟಕ್ಕ ಇಳಿಸಿದ್ವಿ, ಗಾಲಿ ಮುಂದ ಹತ್ತಿ ಕಟಗಿ ಹಾಸಿ, ಲೋ ರೇಂಜ್ (ನಿಧಾನ ಆದ್ರ ಜೋರ್ ಎಳಿಯೋ ಗೇರ್) ಹಾಕಿ ಎರಡನೇ ಗೇರ್, ಆಕ್ಸಿಲರೇಟರ್ ಮ್ಯಾಲ ಬರೇ ಬೆರಳಿಟ್ಟಂಗ. ಎರಡನೇ ಸಲಕ್ಕ ಎದ್ದು ಬಂತು. ಎರಡೂವರೆ ಲಕ್ಷದ ಸಾಮಾನಿನ್ಯಾಗ ಕೆಲಸಕ್ಕ ಬಂದಿದ್ದು ಯಾವ್ದೂ ಇಲ್ಲ, ದೋಸ್ತನ ಮಾರಿ ನೋಡಾಕ ಆಗ್ಲಿಲ್ಲ.

ನನ್ ಜಿಪ್ಸಿ ಅದೇ ದಾರಿ ದಾಟಿತು, ಆದ್ರ ಪೂರ್ತಿ ನನ್ ಡ್ರೈವಿಂಗಿಂದ ಅಂತ ಜಂಬ ಹೊಡ್ಯಂಗಿಲ್ಲ. ಗಾಡಿ ಹಗರ, ಒಂದ್ ಟನ್ನಿನ ಆಸುಪಾಸು, ಮ್ಯಾಲ ಅವ ಸಿಕ್ಕೊಂಡಿದ್ದು ನೋಡಿ ಇಳದು ಹಿಮ್ಮಡಿಲೇ ಒತ್ತಿ ಗಟ್ಟಿ ಜಾಗ ಹುಡಿಕಿದ್ದೆ.

ಮುಂದ ಹಳ್ಳ ಬಂತು. ಹಳ್ಳ ಇದ್ದಲ್ಲಿ ಒಬ್ಬರು ಕೋಲ್ ಹಿಡ್ಕೊಂಡು ಮೊದ್ಲ ನಡದ್ ನೋಡ್ರಿ, ನೀರು ಎಳೀತಿದ್ರ ವಾಪಸ್ ಬರ್ರಿ. ಹೊಸ ಥಾರಿಗೆ ಕಂಪನಿನೇ 650 ಮಿಲಿಮೀಟರ್ ನೀರು ಅಂತ ಹೇಳ್ಯದ, ಸ್ನಾರ್ಕೆಲ್ ಹಾಕಿದ ಕೂಡ್ಲೇ ಅದು ದೋಣಿ ಆಗಂಗಿಲ್ಲ, ಇಂಜಿನ್ ಗಾಳಿ ಎಳಿಯೋ ಬಾಯಿ ಬಿಟ್ಟು ಉಳಿದ ಜಾಗದಿಂದ ನೀರು ಹೋಗೇ ಹೋಗ್ತದ. ನೀರಾಗ ಬಂದ್ ಬಿದ್ರ ಸೆಲ್ಫ್ ಹೊಡೀಬ್ಯಾಡ್ರಿ, ಇಂಜಿನ್ ಒಳಗ ನೀರಿದ್ರ ಕನೆಕ್ಟಿಂಗ್ ರಾಡೇ ಬಾಗ್ತದ.

ನೀವ್ ಹೋಗೋರಿದ್ರ ಗಾಳಿ ಗೇಜು, ಸಣ್ಣ ಕಂಪ್ರೆಸರ್, ಒಳ್ಳೆ ಟೋ ಹಗ್ಗ, ಸಲಿಕಿ, ಎರಡ್ ಹಲಗಿ ಒಯ್ರಿ, ಹತ್ತು ಸಾವಿರದೊಳಗ ಮುಗೀತದ. ಡಾಂಬರಿಗೆ ಹತ್ತೋಕಿಂತ ಮೊದ್ಲ ಗಾಳಿ ತುಂಬ್ರಿ, ನಮ್ಗ ಒಂದ್ ಟೈರಿಗೆ ಐದಾರು ನಿಮಿಷ ಹಿಡೀತು. ಒಣ ಡಾಂಬರ್ ಮ್ಯಾಲ ಫೋರ್ ಬೈ ಫೋರ್ ತೆಗದೇ ಓಡಸ್ರಿ. ಒಂದ್ ಮಳಿಗಾಲ ಸ್ಟಾಕ್ ಗಾಡಿ ಹೊಡೀರಿ, ಎಲ್ಲಿ ತಟ್ಟತದ ಗೊತ್ತಾಗ್ತದ, ಆವಾಗ ಅದಕ್ಕಷ್ಟೇ ರೊಕ್ಕ ಹಾಕ್ರಿ, ನನ್ ಪ್ರಕಾರ ಮೊದ್ಲ ಟೈರು. ಇನ್ನ ಬುಲ್ ಬಾರ್ (ಗಾಡಿ ಮುಂದ ಹಾಕೋ ಕಬ್ಬಿಣದ ಗಾರ್ಡ್) 2017ರಿಂದ ಬಂದ್ ಅದ, ಲಿಫ್ಟ್ ಗಿಫ್ಟ್ ಮಾಡಿಸಿದ್ರ ಆರ್‌ಸಿ, ಇನ್ಶೂರೆನ್ಸ್ ಲಫಡಾ ಬ್ಯಾರೇ.

ಹಾಂ, ವಾಪಸ್ ಬಂದ ದಿನಾನೇ ಗಾಡಿ ತೊಳಸ್ರಿ. ನಾ ಎರಡ್ ದಿನ ಬಿಟ್ಟೆ, ಗಾಲಿ ಒಳಗಿನ ಮಣ್ಣು ಸಿಮೆಂಟ್ ಆಗಿ ಅರವತ್ತಕ್ಕ ಸ್ಟೇರಿಂಗ್ ಗಡಗಡ ನಡಗಾಕತ್ತಿತು, ಅಲೈನ್‌ಮೆಂಟ್ ಹೋಗ್ಯದ ಅಂತ ಅಂಗಡಿಗೆ ಒಯ್ದ್ರ ಹುಡ್ಗ ರಿಮ್ಮಿಂದ ಅರ್ಧ ಕಿಲೋ ಚಿಂಚೋಳಿ ತೆಗದು ಕೈಯಾಗ ಕೊಟ್ಟ.