ಬಳಚು ಬಾಯಿ ಮುಚ್ಚಬೇಕು

ಅಮಾವಾಸ್ಯೆಯ ಆಸುಪಾಸಿನಲ್ಲಿ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯಲ್ಲಿ ನೀರು ಬಹಳ ಹಿಂದೆ ಸರಿಯುತ್ತದೆ. ಕುಮಟಾ ಕಡೆಯ ಹೊಳೆಸಾಲಿನ ಹೆಂಗಸರು ಇಂಥ ಇಳಿತಕ್ಕೇ ಕಾದಿರುತ್ತಾರೆ. ಕಳೆದ ಬೇಸಿಗೆಯ ಅಂಥ ಒಂದು ಬೆಳಿಗ್ಗೆ ಅತ್ತೆ ಮತ್ತು ಪಕ್ಕದ ಮನೆಯ ಅಕ್ಕನ ಜೊತೆ ನಾನೂ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದೆ. ಬಳಚು ಎಂದರೆ ಕೆಸರಿನಲ್ಲಿ ಹುದುಗಿರುವ ಎರಡು ಚಿಪ್ಪಿನ ಜೀವಿ. ಅದು ಕಣ್ಣಿಗೆ ಕಾಣುವುದಿಲ್ಲ, ಪಾದಕ್ಕೆ ಸಿಗುತ್ತದೆ. "ಕಾಲಡಿ ಗಟ್ಟಿ ಹತ್ತಿದ್ರೆ ಅಲ್ಲೇ ನಿಲ್ಲು, ಬಗ್ಗಿ ಕೈ ಹಾಕು" ಎಂದು ಅಕ್ಕ ಹೇಳಿಕೊಟ್ಟರು. ಬಿಸಿಲೇರುವ ಮೊದಲೇ ಬುಟ್ಟಿ ತುಂಬಿತು.

ನಾನು ಶಿರಸಿ ಕಡೆಯವಳು. ಘಟ್ಟದ ಮೇಲೆ ನಮ್ಮ ಮನೆಗೆ ಬರುತ್ತಿದ್ದದ್ದು ಬಂಗಡೆ, ತಾರ್ಲೆ, ಮಳೆಗಾಲಕ್ಕೆ ಒಣಮೀನು. ಚಿಪ್ಪಿನೊಳಗಿನ ಜೀವವನ್ನು ಅಡುಗೆಮನೆಯಲ್ಲಿ ಕಂಡದ್ದು ಮದುವೆಯಾಗಿ ಬಂದ ಮೇಲೆ. ಆದರೆ ಈ ಹೊಳೆ ನಮ್ಮೂರಿನದೇ. ಶಿರಸಿಯ ಶಂಕರ ಹೊಂಡ ಇದರ ಮೂಲಗಳಲ್ಲೊಂದು. ಅಲ್ಲಿಂದ ಹೊರಟು, ಅಣೆಕಟ್ಟಿಗೆ ಸಿಗದೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಹರಿದು, ತದಡಿಯ ಹತ್ತಿರ ಸಮುದ್ರ ಸೇರುತ್ತದೆ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಬಳಚು ಬದುಕುವುದೇ ಈ ನೀರನ್ನು ಒಳಗೆಳೆದು, ಸೋಸಿ, ಸಿಕ್ಕಿದ್ದನ್ನು ತಿಂದು. ಮೇಲಿನ ಊರುಗಳು ಹೊಳೆಗೆ ಏನು ಬಿಡುತ್ತವೋ ಅದರ ಒಂದು ಪಾಲು ಕೆಳಗೆ ಈ ಚಿಪ್ಪಿನೊಳಗೆ ಕೂರುತ್ತದೆ. ಹಾಗಾಗಿ ಬಳಚಿನ ಅಡುಗೆ ಒಲೆಯ ಮೇಲೆ ಶುರುವಾಗುವುದಿಲ್ಲ, ಎಲ್ಲಿಂದ ತೆಗೆದೆವು ಎಂಬಲ್ಲಿಂದಲೇ ಶುರುವಾಗುತ್ತದೆ. ಚರಂಡಿ ಬಂದು ಸೇರುವ ಕಡೆ, ದೋಣಿಗಳ ಎಣ್ಣೆ ತೇಲುವ ಕಡೆ ಅತ್ತೆ ಕಾಲಿಡುವುದೇ ಇಲ್ಲ. ಜೋರು ಮಳೆ ಬಿದ್ದ ಮೇಲೂ ಅಷ್ಟೇ. ಆಗ ಸಿಹಿನೀರು ನುಗ್ಗಿ ಬಳಚು ಸಾಯುತ್ತದೆ, ಜೊತೆಗೆ ಊರ ಕೊಳೆಯೆಲ್ಲ ಇಳಿದು ಬಂದಿರುತ್ತದೆ.

ದಂಡೆಯ ಮೇಲೆ ಕೂತು ಆರಿಸುವಾಗ ಅತ್ತೆಯ ಕೈ ನೋಡಬೇಕು. ಬಾಯಿ ತೆರೆದದ್ದನ್ನು ಇನ್ನೊಂದು ಚಿಪ್ಪಿನಿಂದ ಟಕ್ ಎಂದು ತಟ್ಟುತ್ತಾರೆ. ಜೀವ ಇದ್ದರೆ ನಿಧಾನಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಸತ್ತಿದೆ ಎಂದೇ ಲೆಕ್ಕ. ಒಡೆದದ್ದನ್ನೂ ಇಟ್ಟುಕೊಳ್ಳುವುದಿಲ್ಲ. ಮುಚ್ಚಿದ್ದರೂ ಕೈಗೆ ವಿಪರೀತ ಭಾರ ಬಂದರೆ ಒಳಗೆ ಬರೀ ಕೆಸರು ತುಂಬಿರಬಹುದು. ಅಂಥ ಒಂದೇ ಒಂದು ಪಾತ್ರೆಗೆ ಬಿದ್ದರೆ ಕಾಯಿ ಮಸಾಲೆ ಹಾಕಿ ಗಟ್ಟಿಯಾಗಿ ಮಾಡುವ ಇಡೀ ಸುಕ್ಕೆ ಮಣ್ಣುಪಾಲು.

ಮನೆಗೆ ತಂದು ಹೊಳೆಯ ತಿಳಿ ಉಪ್ಪುನೀರಿನಲ್ಲೇ, ಅಗಲ ಪಾತ್ರೆಯಲ್ಲಿ, ನೆರಳಿಗೆ ಇಟ್ಟೆವು. ಬಾವಿಯ ನೀರಾದರೆ ಅದು ಬಾಯಿ ಬಿಗಿದುಕೊಂಡುಬಿಡುತ್ತದೆ, ಮರಳು ಉಗುಳುವುದಿಲ್ಲ. ಮುಚ್ಚಳ ಬಿಗಿದರೆ ಉಸಿರು ಕಟ್ಟಿ ಸಾಯುತ್ತದೆ. ಮಧ್ಯಾಹ್ನದ ಹೊತ್ತಿಗೆ ತಳದಲ್ಲಿ ಮರಳು ಕೂತಿತ್ತು. ಆದರೆ ಮರಳು ಹೋಯಿತೆಂದರೆ ರೋಗಾಣುವೂ ಹೋಯಿತೆಂದಲ್ಲ. ಬೆಚ್ಚಗಿನ ಅಳಿವೆಯ ನೀರಿನಲ್ಲಿ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತದೆ, ಅದಕ್ಕೆ ಕುದಿಯೇ ಮದ್ದು. ಪಾತ್ರೆಗೆ ಸ್ವಲ್ಪವೇ ನೀರು ಹಾಕಿ ಬಳಚು ಸುರಿದರೆ ಅದರದೇ ನೀರು ಬಿಟ್ಟುಕೊಂಡು ಬೇಯುತ್ತದೆ. ಬಾಯಿ ತೆರೆದ ತಕ್ಷಣ ಇಳಿಸಬಾರದು, ಆಮೇಲೂ ನಾಲ್ಕೈದು ನಿಮಿಷ ಕುದಿಯಬೇಕು. ತಟ್ಟುವಾಗ ಮುಚ್ಚಿಕೊಂಡದ್ದು ಒಳ್ಳೆಯದು, ಬೆಂದ ಮೇಲೂ ಮುಚ್ಚಿಕೊಂಡೇ ಇರುವುದು ಬೇಡ. ಬಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡೆವು. ರುಚಿಯೆಲ್ಲ ಅದರಲ್ಲೇ. ಉಪ್ಪೂ ಅದರಲ್ಲೇ ಇರುವುದರಿಂದ ಮಸಾಲೆಗೆ ಉಪ್ಪು ಕೊನೆಗೆ, ನಾಲಿಗೆಗೆ ನೋಡಿ. ಕಾಯಿತುರಿ, ಬ್ಯಾಡಗಿ ಮೆಣಸು, ಕೊತ್ತಂಬರಿ, ಅರಿಶಿನ, ಹುಳಿಗೆ ಮುರುಗಲು. ಒಂದು ಚಿಪ್ಪು ತೆಗೆದು, ಮಾಂಸ ಅಂಟಿದ ಇನ್ನೊಂದನ್ನು ಹಾಗೇ ಬಿಟ್ಟರೆ ಮಸಾಲೆ ಅದರೊಳಗೆ ತುಂಬಿಕೊಳ್ಳುತ್ತದೆ.

ಕುದಿಗೂ ಬಗ್ಗದ ವಿಷ ಒಂದಿದೆ. ನೀರಿನಲ್ಲಿ ಕೆಲವು ಜಾತಿಯ ಸೂಕ್ಷ್ಮ ಪಾಚಿ ವಿಪರೀತ ಬೆಳೆದಾಗ ಅದನ್ನು ತಿಂದ ಚಿಪ್ಪುಜೀವಿಗಳಲ್ಲಿ ವಿಷ ಸೇರುತ್ತದೆ. ತಿಂದವರಿಗೆ ತುಟಿ, ನಾಲಿಗೆ ಜುಮ್ಮೆಂದು ಮರಗಟ್ಟಿ, ಹೆಚ್ಚಾದರೆ ಉಸಿರಾಟಕ್ಕೇ ಕುತ್ತು. 1983ರಲ್ಲಿ ಮಂಗಳೂರಿನ ಹತ್ತಿರ ಇಂಥ ಪ್ರಕರಣ ನಡೆದು ಒಬ್ಬ ಹುಡುಗ ತೀರಿಕೊಂಡಿದ್ದ. ನಮ್ಮ ಕರಾವಳಿಯಲ್ಲೇ ಆದದ್ದು ಇದು. ನೀರಿನ ಬಣ್ಣ ತಿರುಗಿದ್ದರೆ, ಮೀನು ಸತ್ತು ತೇಲುತ್ತಿದ್ದರೆ ಎಷ್ಟೇ ದಪ್ಪ ಬಳಚಿದ್ದರೂ ಬೇಡ. ತಿಂದ ಮೇಲೆ ತುಟಿ ಮರಗಟ್ಟಿದರೆ ಕಷಾಯ ಕುಡಿದು ಕೂರದೆ ಆಸ್ಪತ್ರೆಗೆ ಓಡಬೇಕು.

ಅದೇ ದಿನ ಮಾವ ಪೇಟೆಯಿಂದ ಬಂಗಡೆಯನ್ನೂ ಏಡಿಯನ್ನೂ ತಂದಿದ್ದರು. ಏಡಿ ಚೀಲದಲ್ಲಿ ಸರಸರ ಆಡುತ್ತಿತ್ತು, ಅಷ್ಟು ಸಾಕು. ಸತ್ತು ಬಹಳ ಹೊತ್ತಾದ ಏಡಿ ನಮ್ಮಲ್ಲಿ ಒಲೆ ಏರುವುದಿಲ್ಲ. ಬಂಗಡೆಗೆ ಐಸ್ ಇತ್ತೇ ಎಂದು ಅತ್ತೆ ಕೇಳಿದರು. ಅದು ಸುಮ್ಮನೆ ಕೇಳಿದ್ದಲ್ಲ. ಬಂಗಡೆ, ತಾರ್ಲೆ, ಕೇದರದಂಥ (ಟ್ಯೂನಾ) ಮೀನು ಬಿಸಿಲಲ್ಲಿ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ, ಅಲರ್ಜಿಯಂಥ ತೊಂದರೆ ಕೊಡುವ ರಾಸಾಯನಿಕ ಹುಟ್ಟುತ್ತದೆ. ಆಮೇಲೆ ಎಷ್ಟು ಕರಿದರೂ, ಎಷ್ಟು ಹುಳಿ ಹಾಕಿದರೂ ಅದು ಹೋಗದು, ವಾಸನೆಯಿಂದಲೂ ಎಲ್ಲ ಸಲ ತಿಳಿಯದು. ಊಟ ಮಾಡಿ ಸ್ವಲ್ಪ ಹೊತ್ತಿಗೇ ಮುಖ ಕೆಂಪಾಗಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಎಷ್ಟೋ ಜನ 'ನನಗೆ ಬಂಗಡೆ ಆಗೋದಿಲ್ಲ' ಎಂದು ಮೀನನ್ನೇ ಬಿಟ್ಟುಬಿಡುತ್ತಾರೆ. ಅವರಲ್ಲಿ ಕೆಲವರಿಗಾದರೂ ಆಗದೆ ಇದ್ದದ್ದು ಬಂಗಡೆಯಲ್ಲ, ಐಸ್ ಇಲ್ಲದ ಆ ಕೆಲವು ಗಂಟೆ ಎಂದೇ ನನ್ನ ನಂಬಿಕೆ.

ಅಮ್ಮ ಶಿರಸಿಯಿಂದ ಫೋನ್ ಮಾಡಿ "ನಮಗೂ ಒಂದಿಷ್ಟು ಕಳಿಸೇ" ಎಂದಿದ್ದಳು. ಬಳಚನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿದು ಕಟ್ಟಿದರೆ ದೇವಿಮನೆ ಘಟ್ಟ ಹತ್ತುವುದರೊಳಗೆ ಸತ್ತಿರುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿ, ಕರಗಿದ ನೀರು ತಾಗದಂತೆ ಕೆಳಗೆ ಐಸಿನ ಪೊಟ್ಟಣ ಇಟ್ಟು, ಬಿಸಿಲಿಳಿದ ಮೇಲೆ ಬಸ್ಸಿಗೆ ಹೊರಟಿದ್ದ ನಾದಿನಿಯ ಗಂಡನ ಕೈಲಿ ಕೊಟ್ಟೆವು. ತಟ್ಟಿ ನೋಡುವುದು ಹೇಗೆಂದು ತಮ್ಮನಿಗೆ ವಿಡಿಯೊ ಮಾಡಿ ಕಳಿಸಿದೆ. ರಾತ್ರಿ ಅವನ ಫೋನು ಬಂತು. "ಬಾಯಿ ಮುಚ್ಚದೇ ಇದ್ದದ್ದು ಒಂದು ಹಿಡಿ ಎಸೆದೆ ಅಕ್ಕಾ. ಉಳಿದದ್ದಕ್ಕೆ ಕಾಯಿ ಎಷ್ಟು ಹಾಕ್ಬೇಕು?" ಫೋನನ್ನು ಅತ್ತೆಯ ಕೈಗೆ ಕೊಟ್ಟೆ.